ಸತ್ತವರು ಏಳದ ಆಟ: ಬೀದರಿನ ಬದುಕುಗಳು ಮತ್ತು ವಿಡಿಯೋ ಗೇಮ್



ನೀವು ಆಡುವ ವಿಡಿಯೋ ಗೇಮುಗಳಲ್ಲಿ ಸತ್ತವರು ಮತ್ತೆ ಏಳುತ್ತಾರೆ. ಗುಂಡು ತಗುಲಿ ಬಿದ್ದವನು ಗುಂಡಿ ಒತ್ತಿದೊಡನೆ ಎದ್ದು ಓಡುತ್ತಾನೆ. ಸೋತರೆ ಇನ್ನೊಂದು ಸಲ ಆಡಿದರಾಯಿತು. ಚರಿತ್ರೆಯಲ್ಲಿ ಈ ಸೌಕರ್ಯವಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ದಂಡಿನ ಬಿಡಾರದಲ್ಲಿ ತಲೆ ಕಳೆದುಕೊಂಡ ಬಹಮನಿ ಪ್ರಧಾನಿ ಮಹಮೂದ್ ಗವಾನ್ ಮತ್ತೆ ಏಳಲಿಲ್ಲ. ಹಾಗಿರುವಾಗ, ನಿಜವಾಗಿ ಬದುಕಿ ಬಾಳಿದವರ ಕಥೆಯನ್ನು ಆಟವಾಗಿ ಮಾಡಬಹುದೇ? ಮಾಡಿದರೆ ಅದನ್ನು ಆಡುವವನಿಗೆ ಉಳಿಯುವ ಕೆಲಸವಾದರೂ ಏನು? ಈ ಪ್ರಶ್ನೆಯನ್ನು ಬೀದರ್ ನಗರ, ಭಾಲ್ಕಿ, ಔರಾದಗಳ ನೆಲದ ಮೇಲೆ ನಿಂತು ಕೇಳಿ ನೋಡೋಣ.

ಮೊದಲು ಆಟದ ಜಾತಿ ಯಾವುದೆಂದು ತಿಳಿಯಬೇಕು. ಇದನ್ನು ಕಥನ ಸಾಹಸದ ಆಟ ಎನ್ನಬಹುದು. ಇಲ್ಲಿ ಅಂಕ ಗಳಿಸುವುದು ಮುಖ್ಯವಲ್ಲ. ನೀವು ಒಬ್ಬ ವ್ಯಕ್ತಿಯ ವೇಷ ಹಾಕಿಕೊಂಡು ಊರಿಂದೂರಿಗೆ ಹೋಗುತ್ತೀರಿ, ಎದುರಾದವರನ್ನು ಮಾತನಾಡಿಸುತ್ತೀರಿ, ಸಿಕ್ಕ ಪತ್ರವನ್ನು ಓದುತ್ತೀರಿ, ಮುಂದೆ ಕವಲೊಡೆದ ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತೀರಿ. ಇಂಥ ಆಟಗಳ ಮೂಲಪುರುಷನೆನ್ನಬಹುದಾದವನು ಅಮೆರಿಕದ ವಿಲ್ ಕ್ರೌದರ್. ವೃತ್ತಿಯಲ್ಲಿ ಆತ ಕಂಪ್ಯೂಟರ್ ತಜ್ಞ. ಗುಹೆಗಳನ್ನು ಹೊಕ್ಕು ಅಳೆದು ನಕ್ಷೆ ಬರೆಯುವುದು ಅವನ ಹವ್ಯಾಸ. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗಳಲ್ಲಿ ತಾನು ಕಂಡ ದಾರಿಗಳನ್ನೇ ಇಟ್ಟುಕೊಂಡು, 1976ರ ಸುಮಾರಿಗೆ, ತನ್ನ ಹೆಣ್ಣುಮಕ್ಕಳು ಆಡಲೆಂದು 'ಅಡ್ವೆಂಚರ್' ಎಂಬ ಆಟವನ್ನು ಬರೆದ. ಅದರಲ್ಲಿ ಒಂದೇ ಒಂದು ಚಿತ್ರವಿರಲಿಲ್ಲ. ಎಲ್ಲವೂ ಅಕ್ಷರ. ಮರುವರ್ಷ ಡಾನ್ ವುಡ್ಸ್ ಎಂಬಾತ ಅದನ್ನು ಹಿಗ್ಗಿಸಿದ. ಅಂದರೆ ಈ ಜಾತಿಯ ಆಟ ಹುಟ್ಟಿದ್ದೇ ನಿಜವಾದ ಒಂದು ನೆಲದೊಳಗಿನ ದಾರಿಯಿಂದ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವರು ಪರ್ಷಿಯಾದ ಪದ್ಧತಿಯಂತೆ ಕಲ್ಲು ಕೊರೆದು ಮಾಡಿದ ಸುರಂಗ ಬಾವಿ ಇದೆ. ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದದ ನೀರಿನ ದಾರಿ ಅದು. ಕ್ರೌದರ್ ಅದನ್ನು ಕಂಡಿದ್ದರೆ ಬಿಡುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ನೆಲದಿಂದ ಮನುಷ್ಯರಿಗೆ ಬರೋಣ. 2014ರಲ್ಲಿ ಯೂಬಿಸಾಫ್ಟ್ ಕಂಪನಿಯ ಫ್ರಾನ್ಸಿನ ಶಾಖೆಯೊಂದು 'ವೇಲಿಯಂಟ್ ಹಾರ್ಟ್ಸ್' ಎಂಬ ಆಟವನ್ನು ಹೊರತಂದಿತು. ಮೊದಲನೆಯ ಮಹಾಯುದ್ಧದ ಸೈನಿಕರು ಮನೆಗೆ ಬರೆದ ಪತ್ರಗಳು ಅದಕ್ಕೆ ಪ್ರೇರಣೆ. ಅದರಲ್ಲಿ ಎಮಿಲ್ ಎಂಬ ವಯಸ್ಸಾದ ರೈತನಿದ್ದಾನೆ. ಅವನ ಅಳಿಯ ಜರ್ಮನಿಯವನು, ಎದುರು ಪಾಳೆಯದಲ್ಲಿ ಕಾದುತ್ತಿರುವವನು. 1917ರಲ್ಲಿ, ತನ್ನವರನ್ನು ಸುಮ್ಮನೆ ಸಾವಿಗೆ ನೂಕುತ್ತಿದ್ದ ಅಧಿಕಾರಿಯನ್ನು ಎಮಿಲ್ ಹೊಡೆದು ಕೆಡವುತ್ತಾನೆ, ಅಧಿಕಾರಿ ಸಾಯುತ್ತಾನೆ, ಎಮಿಲ್‌ಗೆ ಮರಣದಂಡನೆ. ಕೊನೆಯ ದೃಶ್ಯದಲ್ಲಿ ಅವನನ್ನು ಗುಂಡಿಕ್ಕುವ ಕಂಬದ ಕಡೆಗೆ ನಡೆಸಿಕೊಂಡು ಹೋಗಬೇಕಾದವರು ನೀವೇ. ಗುಂಡಿ ಒತ್ತಿದರೆ ಅವನು ಹೆಜ್ಜೆ ಹಾಕುತ್ತಾನೆ. ಒತ್ತದೆ ಸುಮ್ಮನೆ ಕೂತರೆ ಅವನೂ ನಿಂತಿರುತ್ತಾನೆ, ಆದರೆ ತಪ್ಪಿಸಿಕೊಳ್ಳುವ ದಾರಿ ಮಾತ್ರ ತೆರೆಯುವುದಿಲ್ಲ. ಪಾತ್ರ ಕಲ್ಪಿತ, ಹಾಗೆ ಕಂಬಕ್ಕೆ ಕಟ್ಟಿಸಿಕೊಂಡ ಸಿಪಾಯಿಗಳು ಕಲ್ಪಿತರಲ್ಲ. 2017ರ 'ಪಾತ್ ಔಟ್' ಎಂಬ ಆಟದಲ್ಲಿ ಇನ್ನೊಂದು ಬಗೆ. ಸಿರಿಯಾದಿಂದ ಪಾರಾಗಿ ಬಂದ ಅಬ್ದುಲ್ಲಾ ಕರಮ್ ಎಂಬ ಕಲಾವಿದ ತನ್ನ ಪಲಾಯನವನ್ನೇ ಆಸ್ಟ್ರಿಯಾದ ಗೆಳೆಯರೊಡನೆ ಸೇರಿ ಆಟ ಮಾಡಿದ. ನೀವು ಆಡುತ್ತಿರುವಾಗ ಪರದೆಯ ಮೂಲೆಯಲ್ಲಿ ಅವನೇ ಕಾಣಿಸಿಕೊಂಡು ನಿಮ್ಮ ಆಟದ ಬಗ್ಗೆ ಟಿಪ್ಪಣಿ ಹೇಳುತ್ತಾನೆ, ಕೆಲವೊಮ್ಮೆ ತಮಾಷೆಯನ್ನೂ ಮಾಡುತ್ತಾನೆ. ಕಥೆಯ ಒಡೆಯ ಮುಂದೆಯೇ ಕೂತಿರುವಾಗ ಮನಸ್ಸಿಗೆ ಬಂದಂತೆ ಆಡಲು ಕೈ ಹಿಂಜರಿಯುತ್ತದೆ.

ಈಗ ಬೀದರಿನ ಕಡೆ ತಿರುಗಿ. ಇಲ್ಲಿಗೆ ಬಂದ ಒಬ್ಬನ ಬದುಕಂತೂ ಆಟಕ್ಕೆಂದೇ ಹೇಳಿ ಮಾಡಿಸಿದಂತಿದೆ. ಅವನು ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಕಾಲು ಶತಮಾನಕ್ಕೂ ಮೊದಲು, 1470ರ ಆಸುಪಾಸಿನಲ್ಲಿ, ಅವನು ಬೀದರಿನಲ್ಲಿದ್ದ. ವೋಲ್ಗಾ ನದಿಯಲ್ಲಿ ಇಳಿದು ಬರುವಾಗಲೇ ತಾತಾರರು ಅವನ ಸರಕನ್ನು ದೋಚಿದ್ದರು. ಬರಿಗೈಲಿ ಊರಿಗೆ ಮರಳಿದರೆ ಸಾಲಗಾರರ ಕಾಟ. ಹಾಗಾಗಿ ಬಾಕು, ಪರ್ಷಿಯಾ, ಹೊರ್ಮುಜ್ ಎಂದು ಮುಂದೆ ಮುಂದೆ ಹೋದ. ಹಿಂದೂಸ್ಥಾನದಲ್ಲಿ ಕುದುರೆಗೆ ಒಳ್ಳೆಯ ಬೆಲೆ ಎಂದು ತಿಳಿದು ಒಂದು ಗಂಡುಕುದುರೆ ಕೊಂಡು, ಅದನ್ನು ಹಡಗಿಗೆ ಹತ್ತಿಸಿ ಚೌಲ್ ಬಂದರಿನಲ್ಲಿ ಇಳಿಸಿದ. ಒಂದೇ ಕುದುರೆ, ಅವನ ಬಂಡವಾಳವೆಲ್ಲ ಅದರ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಜುನ್ನರಿನಲ್ಲಿ ಆ ಕುದುರೆಯನ್ನು ಅಲ್ಲಿನ ಅಧಿಕಾರಿ ಅಸದ್ ಖಾನ್ ಕಸಿದುಕೊಂಡ. ಇಸ್ಲಾಂ ಸ್ವೀಕರಿಸಿದರೆ ಕುದುರೆಯೂ ಮರಳಿ ಸಿಗುತ್ತದೆ, ಮೇಲೆ ಸಾವಿರ ಚಿನ್ನದ ನಾಣ್ಯ. ಇಲ್ಲವಾದರೆ ಕುದುರೆಯೂ ಹೋಯಿತು, ದಂಡವನ್ನೂ ತೆರಬೇಕು. ಯೋಚಿಸಲು ನಾಲ್ಕು ದಿನ ಗಡುವು. ಆಟ ಬರೆಯುವವನಿಗೆ ಇದಕ್ಕಿಂತ ಬಿಗಿಯಾದ ಕವಲು ಎಲ್ಲಿ ಸಿಕ್ಕೀತು? ಗಡುವು ಮುಗಿಯುವ ಹೊತ್ತಿಗೆ ಖುರಾಸಾನಿನ ಮಹಮ್ಮದ್ ಎಂಬ ಖೋಜಾ ಬಂದು ಖಾನನ ಬಳಿ ಇವನ ಪರವಾಗಿ ಬೇಡಿಕೊಂಡು ಕುದುರೆಯನ್ನು ಬಿಡಿಸಿಕೊಟ್ಟ. ಗಮನಿಸಿ, ಒತ್ತಾಯ ಮಾಡಿದವನೂ ಮುಸಲ್ಮಾನ, ಪಾರು ಮಾಡಿದವನೂ ಮುಸಲ್ಮಾನ. ಇದನ್ನು ಸರಳ ಮಾಡಿ ಒಬ್ಬ ಖಳ, ಒಬ್ಬ ನಾಯಕ ಎಂದು ಆಟ ಮಾಡಿದರೆ ಕೆಟ್ಟಿತು.

ಬೀದರಿಗೆ ಬಂದು ಅವನು ಬಹಳ ದಿನ ಸಾಕಿದ್ದ ಕುದುರೆಯನ್ನು ಮಾರಿದ. ಅರಮನೆಗೆ ಏಳು ಬಾಗಿಲುಗಳಿದ್ದವೆಂದೂ ಪ್ರತಿ ಬಾಗಿಲಲ್ಲಿ ಕಾವಲುಗಾರರ ಜೊತೆಗೆ ಲೆಕ್ಕಿಗರು ಕುಳಿತು ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಬರೆದುಕೊಳ್ಳುತ್ತಿದ್ದರೆಂದೂ ಅವನು ದಾಖಲಿಸಿದ್ದಾನೆ. ಹಳ್ಳಿಗರ ಬಡತನ, ಸರದಾರರ ಭೋಗ ಎರಡೂ ಅವನ ಕಣ್ಣಿಗೆ ಬಿದ್ದವು. ಇಲ್ಲಿನ ಹಿಂದೂಗಳು ಅವನೊಡನೆ ಬಳಕೆಗೆ ಬಿದ್ದರು. ಅವರ ಸಂಗಡ ಅವನು ಶಿವರಾತ್ರಿಯ ಜಾತ್ರೆಗೆ ಶ್ರೀಶೈಲಕ್ಕೂ ಹೋಗಿಬಂದ. ಮುಸಲ್ಮಾನರಲ್ಲಿ ಅವನ ಹೆಸರು ಖೋಜಾ ಯೂಸುಫ್ ಖುರಾಸಾನಿ. ಅವನ ಟಿಪ್ಪಣಿ ಪುಸ್ತಕದ ಭಾಷೆಯೂ ಹಾಗೆಯೇ: ರಷ್ಯನ್ ನಡುನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ರಷ್ಯನ್ ಲಿಪಿಯಲ್ಲೇ ಬರುತ್ತವೆ. ಕೊನೆಗೆ ಬರುವ ಪ್ರಾರ್ಥನೆಯೂ ಅಂಥ ಮಿಶ್ರ ಭಾಷೆಯದೇ. ಕನ್ನಡ, ಮರಾಠಿ, ದಖನಿ, ತೆಲುಗು ಒಂದೇ ಸಂತೆಯಲ್ಲಿ ಕೇಳಿ ಬೆಳೆದ ಬೀದರಿನ ವಿದ್ಯಾರ್ಥಿಗೆ ಇದು ವಿಚಿತ್ರವೆನಿಸಲಾರದು.

ಈ ಕಥೆ ಒಮ್ಮೆ ತೆರೆಗೆ ಬಂದಿದೆ. 1957ರಲ್ಲಿ ಭಾರತ ಮತ್ತು ಸೋವಿಯತ್ ದೇಶಗಳು ಕೂಡಿ ತಯಾರಿಸಿದ 'ಪರದೇಸಿ' ಚಿತ್ರವನ್ನು ಖ್ವಾಜಾ ಅಹ್ಮದ್ ಅಬ್ಬಾಸ್ ಮತ್ತು ವಸೀಲಿ ಪ್ರೋನಿನ್ ನಿರ್ದೇಶಿಸಿದರು. ನಿಕಿತಿನ್ ಆಗಿ ಒಲೆಗ್ ಸ್ತ್ರಿಝೆನೋವ್, ಮಹಮೂದ್ ಗವಾನ್ ಆಗಿ ಪೃಥ್ವಿರಾಜ್ ಕಪೂರ್. ಚಂಪಾ ಎಂಬ ಚೆಲುವೆಯಾಗಿ ನರ್ಗಿಸ್. ಆದರೆ ನಿಕಿತಿನ್ ಬರೆದಿಟ್ಟ ಪುಸ್ತಕದಲ್ಲಿ ಚಂಪಾ ಇಲ್ಲ. ಸಿನಿಮಾಕ್ಕೆ ಪ್ರೇಮಕಥೆ ಬೇಕಿತ್ತು, ಸೇರಿಸಿದರು. ನೋಡುಗ ಮೂರು ಗಂಟೆ ಕೂತು ಎದ್ದು ಹೋಗುತ್ತಾನೆ. ಆಟದಲ್ಲಿ ಈ ಸ್ವಾತಂತ್ರ್ಯ ಇನ್ನೂ ಅಪಾಯಕಾರಿ. ತಾನೇ ನಡೆದು, ತಾನೇ ಮಾತಾಡಿಸಿದ ಚಂಪಾಳನ್ನು ಆಡಿದವನು ಸುಳ್ಳೆಂದು ಸುಲಭವಾಗಿ ಒಪ್ಪಲಾರ.

ಅದಕ್ಕಿಂತ ದೊಡ್ಡ ಕೊರತೆ ಒಂದಿದೆ. ಬೀದರಿನ ಪೇಟೆಯಲ್ಲಿ ಕುದುರೆ, ರೇಷ್ಮೆಗಳ ಜೊತೆಗೆ ಕರಿಯ ಜನರನ್ನೂ ಮಾರುತ್ತಿದ್ದರೆಂದು ನಿಕಿತಿನ್ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆ ಗುಲಾಮರು ಯಾರೂ ದಿನಚರಿ ಬರೆಯಲಿಲ್ಲ. ಕುದುರೆ ಮಾರಿದವನ ಕಥೆ ನಮಗೆ ದಕ್ಕಿತು, ಅದರ ಪಕ್ಕದಲ್ಲೇ ಮಾರಾಟವಾದ ಮನುಷ್ಯನ ಕಥೆ ದಕ್ಕಲಿಲ್ಲ. ನಿಜ ಬದುಕಿನ ಆಟ ಎಂದಾಗ ಯಾರ ಬದುಕು ಎಂದು ಕೇಳಲೇಬೇಕು.

ಮಹಮೂದ್ ಗವಾನನ ವಿಷಯಕ್ಕೆ ಬರೋಣ. ಗೀಲಾನಿನಿಂದ ವ್ಯಾಪಾರಿಯಾಗಿ 1453ರಲ್ಲಿ ಈ ನಾಡಿಗೆ ಬಂದವನು ಬಹಮನಿ ರಾಜ್ಯದ ಪ್ರಧಾನಿಯಾದ. ವರ್ತಕರ ಒಡೆಯನೆಂಬ ಅರ್ಥದ 'ಮಲಿಕ್ ಉತ್ ತುಜ್ಜಾರ್' ಎಂಬ ಬಿರುದು ಪಡೆದ. 1472ರಲ್ಲಿ ಪೂರ್ಣಗೊಂಡ ಅವನ ಮದರಸಾದ ಮುಂದೆ ನೀವು ನಿಂತಿರಬಹುದು. ಉಳಿದ ಒಂದು ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಇನ್ನೂ ಇವೆ. ಹದಿನೇಳನೆಯ ಶತಮಾನದ ಕೊನೆಗೆ ಸಂಭವಿಸಿದ ಸ್ಫೋಟದಲ್ಲಿ ಮುಂಭಾಗದ ಒಂದು ಪಾಲೇ ಹಾರಿಹೋಯಿತು. ಅವನ ಏಳಿಗೆಯನ್ನು ಸಹಿಸದ ಸರದಾರರು ಅವನ ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಆ ಕಾಗದದ ಮೇಲೆ ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರ ಮೂಡಿತು. ಸುಲ್ತಾನ ಮೂರನೆಯ ಮಹಮ್ಮದ್ ಕರೆ ಕಳಿಸಿದಾಗ, ಹೋಗಬೇಡ, ಗುಜರಾತಿನ ಕಡೆ ಪಾರಾಗು ಎಂದು ಹಿತೈಷಿಗಳು ಹೇಳಿದರೂ ಮುದುಕ ಒಪ್ಪಲಿಲ್ಲ. ಮೊಹರು ನನ್ನದು, ಪತ್ರ ನನ್ನದಲ್ಲ ಎಂದ. ಸುಲ್ತಾನ ವಿಚಾರಣೆ ನಡೆಸಲಿಲ್ಲ. ಜೌಹರ್ ಎಂಬ ಹಬಶಿ ಗುಲಾಮನ ಕತ್ತಿ ಬಿತ್ತು. ಮರುವರ್ಷ ಸುಲ್ತಾನನೂ ಸತ್ತ, ರಾಜ್ಯ ಹೋಳಾಗತೊಡಗಿತು.

ಇದನ್ನು ಆಟ ಮಾಡಿದರೆ ಗುಜರಾತಿಗೆ ಓಡುವ ದಾರಿಯನ್ನು ತೆರೆದಿಡಬೇಕೇ? ತೆರೆದಿಟ್ಟು, ಗವಾನ್ ಬದುಕುಳಿದು ಬಹಮನಿ ರಾಜ್ಯವೂ ಉಳಿಯಿತೆಂದು ತೋರಿಸಿದರೆ ಅದು ಮೋಜಿನ ಆಟವಾದೀತು, ಚರಿತ್ರೆಯಾಗದು. ಅವನು ಹೋದದ್ದು ಹೋದದ್ದೇ. ನಿಮಗೆ ಕೊಡಬಹುದಾದದ್ದು ಹೊರಡುವ ಮುನ್ನಿನ ಆ ಒಂದು ಗಳಿಗೆ. ಅವನ ಮುಂದೆ ಏನೇನು ಇತ್ತು, ಅವನಿಗೆ ಏನೇನು ತಿಳಿದಿತ್ತು, ಏನು ತಿಳಿದಿರಲಿಲ್ಲ ಎಂಬುದನ್ನು ತೂಗಿ ನೋಡುವ ಅವಕಾಶ. ಜೊತೆಗೆ ಇನ್ನೊಂದನ್ನೂ ಪರದೆಯ ಮೇಲೆ ಹೇಳಬೇಕಾಗುತ್ತದೆ: ಹಿತೈಷಿಗಳ ಆ ಮಾತುಕತೆಯನ್ನು ವಿವರವಾಗಿ ಬರೆದ ಫಿರಿಶ್ತಾ ಬಿಜಾಪುರದಲ್ಲಿ ಕುಳಿತು ಬರೆದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ.

ಐದು ಶತಮಾನದ ಹಿಂದಿನದನ್ನು ಬಿಟ್ಟು, ನಿಮ್ಮ ಮುತ್ಯಾಂದಿರ ಕಾಲಕ್ಕೆ ಬನ್ನಿ. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಶಾಲೆಗಳಲ್ಲಿ ಉರ್ದುವಿನದೇ ಮೇಲುಗೈ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು, ಬಹುಕಾಲ ಔರಾದ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ಕಮಲನಗರದವರು. ಅವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಎಲ್ಲರ ಬಾಯಲ್ಲಿರುವ ಮಾತು. ನೂರು ವರ್ಷ ದಾಟಿ ಬದುಕಿದ ಅವರು 1999ರಲ್ಲಿ ಲಿಂಗೈಕ್ಯರಾದರು. ಈ ಬೋರ್ಡಿನ ಪ್ರಸಂಗ ಆಟದ ದೃಶ್ಯವಾಗಿ ಎಷ್ಟು ಸೊಗಸು! ಒಂದು ಬಾಗಿಲು, ಒಂದು ಫಲಕ, ಒಳಗಿನಿಂದ ಕೇಳುವ ವರ್ಣಮಾಲೆ. ಕೂಡಲೇ ನಮ್ಮ ಕಲ್ಪನೆ ಓಡುತ್ತದೆ: ಕುದುರೆ ಏರಿ ಸಾಹೇಬ ಬರುತ್ತಾನೆ, ಹುಡುಗರು ಪಾಟಿ ಬಚ್ಚಿಡುತ್ತಾರೆ. ಅಲ್ಲಿ ತಡೆಯಿರಿ. ಕುದುರೆಯ ಸಾಹೇಬ ಇದೀಗ ನಾನು ಸೇರಿಸಿದವನು. ಅವನು ಬೇಕೆಂದರೆ, ಆ ಶಾಲೆಯಲ್ಲಿ ಕಲಿತವರ ನೆನಪಿನಿಂದ ಅವನು ಬರಬೇಕು. ಇಲ್ಲವಾದರೆ ಕಲ್ಪಿತವೆಂಬ ಗುರುತು ಹೊತ್ತೇ ಬರಬೇಕು.

1948ರ ಮಾತೆತ್ತದೆ ಬೀದರಿನ ಬದುಕುಗಳ ಲೆಕ್ಕ ಪೂರ್ತಿಯಾಗದು. ಆ ವರ್ಷದ ಮೇ ತಿಂಗಳಲ್ಲಿ ಭಾಲ್ಕಿಗೆ ದೂರವಲ್ಲದ ಗೋರಟಾ ಗ್ರಾಮದ ಮೇಲೆ ರಜಾಕಾರರು ಬಿದ್ದರು. 200ಕ್ಕೂ ಹೆಚ್ಚು ಮಂದಿ ಸತ್ತರೆಂದು ಊರಿನ ನೆನಪು ಹೇಳುತ್ತದೆ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು, 17ರಂದು ನಿಜಾಮರು ಶರಣಾದರು. ಆ ದಿನದ ಧ್ವಜಾರೋಹಣಕ್ಕೆ ನೀವು ಶಾಲೆಯಲ್ಲಿ ಸಾಲಾಗಿ ನಿಂತಿದ್ದೀರಿ. ಅದರ ನಂತರದ ವಾರಗಳಲ್ಲಿ ನಡೆದದ್ದನ್ನು ಮಾತ್ರ ಯಾರೂ ಬಹಳ ಹೇಳುವುದಿಲ್ಲ. ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಊರೂರು ಸುತ್ತಿ, ಮುಸಲ್ಮಾನರ ಮೇಲೆ ನಡೆದ ಹತ್ಯೆ ಲೂಟಿಗಳನ್ನು ವರದಿ ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್ ಮತ್ತು ನಾಂದೇಡ್. ನೆರೆಯ ಮುಸಲ್ಮಾನರನ್ನು ಜೀವದ ಹಂಗು ತೊರೆದು ಕಾಪಾಡಿದ ಹಿಂದೂಗಳನ್ನೂ ಅದು ನೆನೆಯಿತು. ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ, ಅರವತ್ತೈದು ವರ್ಷಗಳ ತರುವಾಯ.

ಇಂಥ ಎರಡು ಗಾಯಗಳನ್ನು ಒಟ್ಟಿಗೆ ಮುಟ್ಟುವ ಆಟ ಸಾಧ್ಯವೇ? ಸಾಧ್ಯವಾದ ಕಡೆಯೊಂದಿದೆ, ಜೆಕ್ ದೇಶ. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ವಿಜ್ಞಾನ ಅಕಾಡೆಮಿಯ ಇತಿಹಾಸಜ್ಞರು ಕೂಡಿ 2017ರಲ್ಲಿ 'ಅಟೆಂಟಾಟ್ 1942' ಎಂಬ ಆಟವನ್ನು ಹೊರತಂದರು. ನಾಜಿ ಅಧಿಕಾರಿ ಹೈಡ್ರಿಕ್‌ನ ಹತ್ಯೆಯ ಬೆನ್ನಿಗೆ ಅಜ್ಜನನ್ನು ಏಕೆ ಹಿಡಿದೊಯ್ದರು ಎಂಬುದನ್ನು ಮೊಮ್ಮಗು ಅಜ್ಜಿಯ ಬಳಿ, ನೆರೆಯವರ ಬಳಿ ಕೇಳಿ ತಿಳಿಯುವುದೇ ಆಟ. ಕುಟುಂಬ ಕಲ್ಪಿತ, ಆಡುವವರು ನಟರು. ಅವರ ಬಾಯಲ್ಲಿರುವುದು ಸಂಶೋಧನೆಯಿಂದಲೂ ಬದುಕುಳಿದವರ ನೆನಪುಗಳಿಂದಲೂ ಕಟ್ಟಿದ ಮಾತು. ಒರಟಾಗಿ ಕೇಳಿದರೆ ಎದುರಿನವರು ಬಾಯಿ ಮುಚ್ಚುತ್ತಾರೆ. ಅದೇ ಬಳಗದವರು 2021ರಲ್ಲಿ 'ಸ್ವೊಬೊಡಾ 1945' ಎಂಬ ಇನ್ನೊಂದು ಆಟ ಮಾಡಿದರು. ಅದರಲ್ಲಿ ಗಡಿಯ ಹಳ್ಳಿಯೊಂದರ ಹಳೆಯ ಶಾಲೆಯನ್ನು ಉಳಿಸಬೇಕೋ ಕೆಡವಬೇಕೋ ಎಂದು ತೀರ್ಮಾನಿಸಲು ಬಂದ ಸರ್ಕಾರಿ ನೌಕರ ನೀವು. ಕೆದಕುತ್ತಾ ಹೋದಂತೆ, ಬಿಡುಗಡೆಯ ನಂತರ ಆ ಊರಿನ ಜರ್ಮನ್ ಮಾತಿನ ಜನರಿಗೆ ಏನಾಯಿತು ಎಂಬುದು ಹೊರಬೀಳುತ್ತದೆ. ಮೊದಲ ಆಟದಲ್ಲಿ ತಮ್ಮವರ ನೋವು ಹೇಳಿದವರು ಎರಡನೆಯದರಲ್ಲಿ ತಮ್ಮವರ ಕೈಯಿಂದಾದದ್ದನ್ನೂ ಹೇಳಿದರು. ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ. ಗೋರಟಾದ ನೆನಪಿಗೂ ಸುಂದರಲಾಲ್ ವರದಿಗೂ ಒಂದೇ ಆಟದಲ್ಲಿ ಜಾಗ ಇರಬಹುದೆಂದು ನಾನು ನಂಬಿರುವುದು ಈ ಉದಾಹರಣೆಯಿಂದ.

ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ್, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ. ಉದಗೀರ, ನಿಲಂಗಾ ಕಡೆಯವು ಮುಂಬಯಿಗೆ. ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ. ಹಾಗಾಗಿ ಔರಾದದ ಮನೆಯೊಂದರ ಕಥೆಯ ಅರ್ಧ ಭಾಗ ಉದಗೀರಿನ ಬೀಗರ ಮನೆಯಲ್ಲಿ ಮರಾಠಿಯಲ್ಲಿರಬಹುದು. ಕೇಳಲು ಅಲ್ಲಿಗೂ ಹೋಗಬೇಕು.

ಕಂಪ್ಯೂಟರ್ ಕೆಲಸವನ್ನು ಯಾರಾದರೂ ಎಂದಾದರೂ ಮಾಡಿಯಾರು. ಕೇಳುವ ಕೆಲಸಕ್ಕೆ ಅಷ್ಟು ಸಮಯವಿಲ್ಲ. 1948ರಲ್ಲಿ 10 ವರ್ಷದವರಾಗಿದ್ದವರು ಈಗ 90ರ ಹತ್ತಿರ ಇದ್ದಾರೆ. ಈ ರಜೆಯಲ್ಲಿ ಊರಿಗೆ ಹೋದಾಗ ಮುತ್ಯಾ, ಆಯಿ, ದಾದಾ, ನಾನಿ ಯಾರಿದ್ದರೂ ಅವರ ಬಳಿ ಕೂಡಿರಿ. ರಜಾಕಾರರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಬೇಡಿ. ಅದಕ್ಕೆ ಸಿಗುವುದು ಭಾಷಣ. ಅಂದು ಮನೆಯಲ್ಲಿ ಏನು ಬೇಯುತ್ತಿತ್ತು, ಯಾವ ಬಾಗಿಲಿನಿಂದ ಹೊರಬಿದ್ದಿರಿ, ಕೈಯಲ್ಲಿ ಏನಿತ್ತು, ರಾತ್ರಿ ಯಾರ ಮನೆಯಲ್ಲಿ ಮಲಗಿದಿರಿ, ಶಾಲೆ ಮತ್ತೆ ಯಾವಾಗ ತೆರೆಯಿತು ಎಂದು ಕೇಳಿ. ಹೇಳಲಾರೆ ಎಂದರೆ ಒತ್ತಾಯ ಬೇಡ, ಆ ಜಾಗವನ್ನು ಖಾಲಿ ಬಿಡಿ. ಹೆಸರು ಹಾಕಬೇಡ ಎಂದರೆ ಹಾಕಬೇಡಿ. ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಂಡು, ಪುಟದ ಮೇಲೆ ಊರು, ಹೇಳಿದವರ ವಯಸ್ಸು, ಬರೆದ ದಿನಾಂಕ ಇವಿಷ್ಟನ್ನು ಕಾಣಿಸಿರಿ.